ಒಂದು ಓಟು, ನೂರ ಹದಿನೆಂಟು ಮೆಟ್ಟಿಲು

ಆ ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಸೆನೆಟರ್ ಹಾಲ್ಡೇನ್ "ಬೇಕು" ಅನ್ನಬೇಕಾದ ಕಡೆ "ಬೇಡ" ಅಂದುಬಿಟ್ಟರು. ಡೆಲ್ಮರ್ ವಾಸನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಅವರು ಹಾಗಂದದ್ದು ರಾಜಧಾನಿಯಲ್ಲಿ, ನಮ್ಮ ಎಲ್ಡನ್ ಊರಿಂದ ಸಾವಿರದಿನ್ನೂರು ಮೈಲಿ ಆಚೆ. ಆದರೆ ಲೊರೇನಳ ಕೆಫೆಯ ಗೋಡೆ ಮೇಲಿನ ಟೀವಿಯಲ್ಲಿ ನಾವೆಲ್ಲ ನೋಡುತ್ತಲೇ ಇದ್ದೆವು. ಆ ಟೀವಿಯಲ್ಲಿ ಗೋಧಿ ಧಾರಣೆ, ಹವಾಮಾನ, ಶಾಲೆ ಹುಡುಗರ ಬಾಸ್ಕೆಟ್‌ಬಾಲು ಬಿಟ್ಟರೆ ಬೇರೇನೂ ಬರುವುದಿಲ್ಲ. ಕೂತು ಸೆನೆಟ್ ನೋಡುವಷ್ಟು ಕೆಟ್ಟ ಕಾಲ ನಮಗಿನ್ನೂ ಬಂದಿರಲಿಲ್ಲ. ಆದರೆ ಅವತ್ತು ಓಟಿಗೆ ಬಂದದ್ದು ನಮ್ಮೂರಿನ ಮಸೂದೆ, ಸರಿಯಾಗಿ ಹೇಳಬೇಕೆಂದರೆ ಡೆಲ್ಮರನ ಮಸೂದೆ.

ಮಸೂದೆ ಇಷ್ಟೇ. ಸಂಜೆ ಬೆಳಕು ಹೆಚ್ಚು ಹೊತ್ತು ಸಿಗಲಿ ಅಂತ ಮಾರ್ಚಿನಲ್ಲಿ ದೇಶದವರೆಲ್ಲ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುವುದು, ನವೆಂಬರಿನಲ್ಲಿ ಮತ್ತೆ ಒಂದು ಗಂಟೆ ಹಿಂದೆ ಇಡುವುದು, ಈ ಕುಣಿತ ಇನ್ನು ಸಾಕು. ಕೆಳಮನೆ ಆಗಲೇ ಒಪ್ಪಿತ್ತು, ಅಧ್ಯಕ್ಷರು ಪೆನ್ನು ಹಿಡಿದು ಕೂತಿದ್ದರು. ಸೆನೆಟ್ಟಿನಲ್ಲಿ ನೂರಕ್ಕೆ ಅರುವತ್ತು ಓಟು ಬಿದ್ದರೆ ನಾಡಿದ್ದು, ಮಾರ್ಚಿನ ಎರಡನೇ ಶನಿವಾರ, ಯಾರೂ ಗಡಿಯಾರ ಮುಟ್ಟಬೇಕಾಗಿರಲಿಲ್ಲ.

ಮಿಕ್ಕವರಿಗೆ ಗಡಿಯಾರ ಅಂದರೆ ಅಡುಗೆಮನೆಯದು, ಕಾರಿನದು. ಡೆಲ್ಮರನಿಗೆ ಕೋರ್ಟು ಕಟ್ಟಡದ ಗೋಪುರದ್ದು. ಅವನಪ್ಪ ಮೂವತ್ತು ವರ್ಷ ಅದನ್ನು ನೋಡಿಕೊಂಡ, ಇವನು ಮೂವತ್ತೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದಾನೆ. ಕೀಲಿ ಕೊಡುವುದಕ್ಕೆ ಈಗ ಮೋಟಾರಿದೆ. ಆದರೆ ಮುಳ್ಳು ಜರುಗಿಸಬೇಕಾದರೆ ಮನುಷ್ಯನೇ ಹತ್ತಬೇಕು, ನೂರ ಹದಿನೆಂಟು ಮೆಟ್ಟಿಲು. ಮಾರ್ಚಿನಲ್ಲಿ ಮುಳ್ಳು ಮುಂದೆ ತಳ್ಳಿ ಇಳಿದುಬಿಡಬಹುದು. ನವೆಂಬರಿನಲ್ಲಿ ಅದೂ ಇಲ್ಲ. ಆ ಹಳೇ ಯಂತ್ರ ಹಿಂದಕ್ಕೆ ತಿರುಗುವ ಜಾತಿಯದಲ್ಲ. ಅದನ್ನು ನಿಲ್ಲಿಸಿ, ಒಂದು ಗಂಟೆ ಪಾರಿವಾಳಗಳ ಜೊತೆ ಕೂತು, ಮತ್ತೆ ನಡೆಸಿ ಬರಬೇಕು.

ಮೂರು ವರ್ಷದಿಂದ ಡೆಲ್ಮರನ ಎಡ ಮೊಣಕಾಲು ಕೈಕೊಟ್ಟಿತ್ತು. ಡಾಕ್ಟರು ನೋಡಿ, "ಇನ್ಮೇಲೆ ನಿಮ್ಮ ಪಾಲಿಗೆ ಮೆಟ್ಟಿಲು ಅಂದ್ರೆ ಮನೆ ಬಾಗಿಲದ್ದು ಮೂರು, ಅಷ್ಟೇ," ಅಂದಿದ್ದರು. ಇದು ಗೊತ್ತಿದ್ದದ್ದು ಅವನ ಹೆಂಡತಿ ಓಪಲ್‌ಗೆ ಮಾತ್ರ. ನಮ್ಮ ಕಡೆಯವರೇ ಹಾಗೆ. ಕಾಲ ಮೇಲೆ ಟ್ರ್ಯಾಕ್ಟರ್ ಹತ್ತಿದರೂ "ಸ್ವಲ್ಪ ತಾಗ್ತು" ಅನ್ನುತ್ತೇವೆಯೇ ಹೊರತು ನೋವು ಅನ್ನುವ ಮಾತು ಬಾಯಲ್ಲಿ ಬರುವುದಿಲ್ಲ. ಡೆಲ್ಮರ್ ಹತ್ತಿ ಇಳಿದು ಬಂದಾಗಲೆಲ್ಲ ಊರವರು, "ಏನು ಗಟ್ಟಿ ಆಸಾಮಿನಪ್ಪ, ಹತ್ತೋದಂದ್ರೆ ಇವನಿಗೆ ಹಬ್ಬ," ಅನ್ನುತ್ತಿದ್ದರು. ಅವನು ನಕ್ಕು ಮನೆಗೆ ಹೋಗಿ ಕಾಲಿಗೆ ಐಸಿಟ್ಟುಕೊಂಡು ಮಲಗುತ್ತಿದ್ದ.

ಬಿಟ್ಟುಬಿಡಬಹುದಿತ್ತಲ್ಲ ಅನ್ನಬಹುದು. ಬಿಟ್ಟರೆ ಕೌಂಟಿಯವರು, ಅಂದರೆ ನಮ್ಮ ಜಿಲ್ಲಾಡಳಿತದವರು, ಆ ಯಂತ್ರವನ್ನು ಕಿತ್ತು ಬ್ಯಾಟರಿ ಗಡಿಯಾರ ಕೂರಿಸುವುದಾಗಿ ಮೊದಲೇ ಹೇಳಿದ್ದರು. ಅಪ್ಪ ಎಣ್ಣೆ ಹಾಕಿದ ಯಂತ್ರ ಗುಜರಿಗೆ ಹೋಗುವುದನ್ನು ನೆನೆಸಿಕೊಂಡರೆ ಡೆಲ್ಮರನಿಗೆ ಮೊಣಕಾಲಿಗಿಂತ ಹೆಚ್ಚು ನೋಯುತ್ತಿತ್ತು. ಅದಕ್ಕೇ ಸೆನೆಟರಿಗೆ ಕಾಗದ ಬರೆದ. ಸಮಯ ಬದಲಾಯಿಸುವುದನ್ನೇ ನಿಲ್ಲಿಸಿ, ದನಗಳಿಗೆ ತೊಂದರೆ, ಕತ್ತಲಲ್ಲಿ ಬಸ್ಸಿಗೆ ಕಾಯುವ ಮಕ್ಕಳಿಗೆ ತೊಂದರೆ ಅಂತ ನಾಲ್ಕು ಪುಟ. ಮೊಣಕಾಲಿನ ಬಗ್ಗೆ ಒಂದಕ್ಷರ ಇಲ್ಲ. ಸೆನೆಟರ್ ಅದನ್ನು ಸಭೆಯಲ್ಲಿ ಓದಿದರು, ಮಸೂದೆಯೂ ತಂದರು.

ಓಪಲ್ ಮೂವತ್ತು ವರ್ಷ ಶಾಲೆಯಲ್ಲಿ ಅಡುಗೆ ಮಾಡಿದವಳು. ಇನ್ನೂರು ಮಕ್ಕಳನ್ನು ಕಣ್ಣಲ್ಲೇ ಕೂರಿಸುತ್ತಿದ್ದ ಹೆಂಗಸು. ಅವಳು ಬುಧವಾರವೇ ಹೇಳಿದ್ದಳು. "ಮಸೂದೆ ಗೆದ್ರೆ ಗೋಪುರದ ಬೀಗದಕೈ ನಿನ್ನ ಹತ್ರಾನೇ ಇರ್ಲಿ. ಸೋತ್ರೆ ನಾನೇ ಹೋಗಿ ಕೌಂಟಿಯವರಿಗೆ ಕೊಟ್ಟು ಬರ್ತೀನಿ. ಶನಿವಾರ ನೀನು ಹತ್ತೋದಿಲ್ಲ."

ಹೀಗಿರುವಾಗ ಟೀವಿಯಲ್ಲಿ ಗುಮಾಸ್ತೆ ಒಬ್ಬೊಬ್ಬರದಾಗಿ ಹೆಸರು ಕೂಗಿ ಮುಗಿಸಿದಳು. ಐವತ್ತೆಂಟು "ಬೇಕು" ಆಗಿತ್ತು. ಕೊನೆಗೆ ಹಾಲ್ಡೇನ್ ಬಂದರು. ಮೇಜಿನ ಮುಂದೆ ನಿಂತು ಹೆಬ್ಬೆರಳನ್ನು ಕೆಳಗೆ ಮಾಡಿ, "ಬೇಡ," ಅಂದು ಹೊರಟುಹೋದರು. ಮಸೂದೆ ಬಿತ್ತು.

ಕೆಫೆಯಲ್ಲಿ ಫೋರ್ಕುಗಳು ಗಾಳಿಯಲ್ಲಿ ನಿಂತವು.

"ಬಾಯಿ ತಪ್ಪಿರ್ಬೇಕು," ಅಂದಳು ಲೊರೇನ್, ಕಾಫಿ ಕೆಟಲು ಹಿಡಿದುಕೊಂಡೇ.

"ಬಾಯಿ ತಪ್ಪಿದ್ರೆ ಹೆಬ್ಬೆರಳೂ ತಪ್ಪುತ್ತಾ?" ಅಂದ ರಸ್ಸ್ ಕಿಂಬಲ್.

ಈ ರಸ್ಸ್ ಡೆಲ್ಮರನ ಬೇಲಿ ಪಕ್ಕದ ಮನೆಯವನು, ಆದರೆ ಎದುರು ಪಕ್ಷದವನು. ನಿವೃತ್ತಿಯಾದ ಮೇಲೆ ಬೇರೆಯವರು ಮೀನು ಹಿಡಿಯುತ್ತಾರೆ, ಇವನು ಸೆನೆಟರ್ ಹಾಲ್ಡೇನರ ಓಟುಗಳನ್ನು ಹಿಡಿಯುತ್ತಿದ್ದ. ಹನ್ನೆರಡು ವರ್ಷದಲ್ಲಿ ಅವರು ಯಾವುದಕ್ಕೆ ಬೇಕು ಅಂದರು, ಯಾವುದಕ್ಕೆ ಬೇಡ ಅಂದರು ಎಲ್ಲವನ್ನೂ ಒಂದೊಂದು ಹಾಳೆಯಲ್ಲಿ ಬರೆದು ಮೂರು ರಿಂಗಿನ ಫೈಲಿನಲ್ಲಿ ಸೇರಿಸಿದ್ದ. ಫೈಲಿನಲ್ಲಿ ಎರಡು ಭಾಗ. "ಬೇಕು" ಹಿಂದೆ, "ಬೇಡ" ಮುಂದೆ. ಹಿಂದಿನ ಭಾಗವನ್ನು ಅವನು ತೆರೆದು ನೋಡಿದ್ದನ್ನು ಯಾರೂ ಕಂಡಿರಲಿಲ್ಲ.

"ಕೇಳಿ ಇಲ್ಲಿ," ಅಂತ ಫೈಲು ಬಿಚ್ಚಿದ. "ನದಿ ಅಣೆಕಟ್ಟು: ಬೇಡ. ಗೋಧಿ ಬೆಳೆ ವಿಮೆ: ಬೇಡ. ಹಳ್ಳಿ ಆಸ್ಪತ್ರೆ: ಬೇಡ. ಮೂರೂ ಅವರೇ ತಂದ ಮಸೂದೆ. ಈಗ ಗಡಿಯಾರ. ಹೆತ್ತ ಮಕ್ಕಳನ್ನ ತಾನೇ ಬಾವಿಗೆ ತಳ್ಳೋ ಅಪ್ಪನ್ನ ಎಲ್ಲಾದ್ರೂ ನೋಡಿದೀರಾ?"

"ಏನೋ ಕಾರಣ ಇರುತ್ತೆ ಬಿಡು," ಅಂದ ಡೆಲ್ಮರ್. ಅವನ ದನಿ ಅವನಿಗೇ ಕೇಳಿಸಲಿಲ್ಲ.

"ಎಂಥ ಕಾರಣ?" ಲೊರೇನ್ ಕೌಂಟರಿನ ಫೋನನ್ನು ಎತ್ತಿ ಅವನ ಪೈ ತಟ್ಟೆಯ ಪಕ್ಕ ಇಟ್ಟಳು. "ನಿನ್ನ ಹೆಸರು ಹೇಳ್ಕೊಂಡು ಹೆಸರು ಮಾಡಿದೋರು ನಿಂಗೇ ಟೋಪಿ ಹಾಕಿದಾರೆ. ನೀನು ಸುಮ್ನಿದ್ರೆ ನಾಳೆ ನಮ್ಗೂ ಹಾಕ್ತಾರೆ. ಮಾತಾಡು."

ಫೋನು ಹೋಗುವುದು ಮೂವತ್ತು ಮೈಲಿ ದೂರದ ಬ್ರಾಂಟಿನಲ್ಲಿದ್ದ ಸೆನೆಟರ ಕಚೇರಿಗೆ, ಅಂದರೆ ಮಿಸೆಸ್ ಯೋಡರ್ ಅವರಿಗೆ. ಆ ಕಚೇರಿಯಲ್ಲಿ ಇರುವುದೇ ಅವರೊಬ್ಬರು. ಅವರದೊಂದು ಕ್ರಮವಿದೆ. ಯಾರೇ ಫೋನು ಮಾಡಲಿ, ಒಂದು ಹಳದಿ ಚೀಟಿ. ಚೀಟಿಯಲ್ಲಿ ಹೆಸರು, ವಿಷಯ, ಅಭಿಪ್ರಾಯ ಒಂದು ವಾಕ್ಯ. ಒಂದು ಗಂಟೆ ಮಾತಾಡಿದರೂ ಒಂದೇ ವಾಕ್ಯ. ಆ ಚೀಟಿಗಳ ಸಾರ ಗಂಟೆಗೊಮ್ಮೆ ರಾಜಧಾನಿಗೆ ಹೋಗುತ್ತದೆ.

"ಓ, ಗಡಿಯಾರದ ವಾಸ್ ಅವ್ರಾ," ಅಂದರು ಮಿಸೆಸ್ ಯೋಡರ್. "ಹೇಳಿ, ಒಂದು ವಾಕ್ಯದಲ್ಲಿ."

ಡೆಲ್ಮರನಿಗೆ ಹೇಳಬೇಕಾಗಿದ್ದದ್ದು ನಿಜವಾಗಿಯೂ ಒಂದೇ ವಾಕ್ಯ. "ನನ್ನ ಮೊಣಕಾಲು ನೋಯುತ್ತಮ್ಮ, ಈ ಶನಿವಾರ ನನ್ನ ಕೈಲಿ ಹತ್ತೋಕಾಗಲ್ಲ." ಅದು ನಾಲಿಗೆ ತುದಿಗೂ ಬಂತು. ಆದರೆ ತಲೆ ಎತ್ತಿ ನೋಡಿದ, ಹದಿನಾಲ್ಕು ಜನ ಕಣ್ಣು ಪಿಳುಕಿಸದೆ ನೋಡುತ್ತಿದ್ದರು. ಪಾಪ, ಏನು ಮಾಡುತ್ತಾನೆ. ಎದೆ ಸೆಟೆಸಿದ.

"ಬರ್ಕೊಳ್ಳಿ ಮಿಸೆಸ್ ಯೋಡರ್. ನಮ್ಮಪ್ಪ ಮೂವತ್ತು ವರ್ಷ ಹತ್ತಿದ, ನಾನು ಮೂವತ್ತೊಂದು ವರ್ಷ ಹತ್ತಿದೀನಿ. ಮಂಜಿರ್ಲಿ, ಬಿರುಗಾಳಿ ಇರ್ಲಿ, ಒಂದು ಸಲಾನೂ ತಪ್ಪಿಸಿಲ್ಲ. ಹತ್ತೋಕೆ ಹೆದರಿ ಕಾಗದ ಬರೆದೋನಲ್ಲ ನಾನು. ಹತ್ತೋದು ನಮ್ಮನೆತನದ ಮರ್ಯಾದೆ. ಆ ಮರ್ಯಾದೆನ ನಿಮ್ಮ ಸೆನೆಟರು ಇವತ್ತು ಇಡೀ ದೇಶದ ಮುಂದೆ ಮಣ್ಣುಪಾಲು ಮಾಡಿದ್ರು."

ಹನ್ನೊಂದು ನಿಮಿಷ ಮಾತಾಡಿದ. ಸಾವಧಾನದ ಮನುಷ್ಯ ಒಮ್ಮೆ ಬಾಯಿ ಬಿಟ್ಟರೆ ಹಾಗೇ, ನಿಲ್ಲಿಸುವುದು ಹೇಗೆಂದು ಗೊತ್ತಿರುವುದಿಲ್ಲ. ಫೋನಿಟ್ಟಾಗ ಕೆಫೆಯವರೆಲ್ಲ ಚಪ್ಪಾಳೆ ತಟ್ಟಿದರು. ಲೊರೇನ್ ಕಣ್ಣೊರೆಸಿಕೊಂಡಳು. ಆಮೇಲೆ ಊರಿನ ಫೋನು ಪುಸ್ತಕ ತೆಗೆದು ಹಾಳೆ ಹಾಳೆ ಹಂಚಿದಳು.

"ಎಲ್ರೂ ಮಾಡಿ. ಡೆಲ್ಮರ್ ಹೇಳಿದ್ದೇ ನಮ್ಮ ಮಾತೂ ಅಂತ ಹೇಳಿ. ಹೆಂಗಸರು ಮೊದ್ಲು."

ಡೆಲ್ಮರ್ ಮನೆಗೆ ಬಂದ. ಬೈದ ಮೇಲೆ ಏನಾದರೂ ಮಾಡಬೇಕು ಅನ್ನಿಸುತ್ತದಲ್ಲ, ಅಂಗಳದ ಹುಲ್ಲಿನಲ್ಲಿ ನೆಟ್ಟಿದ್ದ "ಮತ್ತೆ ಹಾಲ್ಡೇನ್" ಅನ್ನುವ ಬೋರ್ಡನ್ನು ಹಿಡಿದು ಎಳೆದ. ಮಾರ್ಚಿನ ನೆಲ, ಚಳಿಗೆ ಇನ್ನೂ ಗಡ್ಡೆ ಕಟ್ಟಿತ್ತು. ಬೋರ್ಡು ಬರಲಿಲ್ಲ. ಇನ್ನೊಮ್ಮೆ ಎಳೆದ. ಈ ಸಲ ಬಂತು, ಜೊತೆಗೆ ಡೆಲ್ಮರನೂ ಹಿಂದಕ್ಕೆ ಬಂದು ಬಿದ್ದ.

ಓಪಲ್ ಬಾಗಿಲಲ್ಲಿ ನಿಂತಿದ್ದಳು. "ನೋವಾಯ್ತಾ?"

"ಇಲ್ಲ. ನೆಲ ಸ್ವಲ್ಪ ಹತ್ರ ಬಂತು."

"ಆ ಬೋರ್ಡು ನಿಂಗೇನು ಮಾಡ್ತು ಪಾಪ."

ಅಷ್ಟರಲ್ಲಿ ಬೇಲಿಯಾಚೆಯಿಂದ ರಸ್ಸ್ ಸುತ್ತಿಗೆ, ತನ್ನ ಪಕ್ಷದ ಬೋರ್ಡು ಎರಡನ್ನೂ ಹಿಡಿದು ಬಂದ. "ಜಾಗ ಖಾಲಿ ಇದೆಯಲ್ಲ. ಹೇಗೂ ತೂತು ಆಗಿದೆ." ಡೆಲ್ಮರ್ ಬೇಡ ಅನ್ನಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಅಂಗಳದಲ್ಲಿ ಎದುರು ಪಕ್ಷದ ಬೋರ್ಡು ನಿಂತಿತು. ರಸ್ಸ್ ಫೋಟೋ ಬೇರೆ ತೆಗೆದುಕೊಂಡ.

ಓಪಲ್ ಒಳಗೆ ಹೋದಳು. ಮೊಳೆಗೆ ತೂಗಿಹಾಕಿದ್ದ ಗೋಪುರದ ಬೀಗದಕೈಯನ್ನು ತೆಗೆದು ಏಪ್ರನ್ ಜೇಬಿಗೆ ಹಾಕಿಕೊಂಡಳು. "ಕೌಂಟಿ ಆಫೀಸು ಮುಚ್ಚೋದು ಐದು ಗಂಟೆಗೆ," ಅಂದಳು. "ಇಸ್ತ್ರಿ ಮುಗಿಸಿ ಕೊಟ್ಟು ಬರ್ತೀನಿ."

"ಓಪಲ್, ಯಂತ್ರ ಗುಜರಿಗೆ ಹಾಕ್ತಾರೆ ಕಣೆ."

"ಯಂತ್ರಕ್ಕೆ ಬೇರೆ ಭಾಗ ಸಿಗುತ್ತೆ. ನಿಂಗೆ ಸಿಗಲ್ಲ."

ಡೆಲ್ಮರ್ ಅಡುಗೆಮನೆ ಮೇಜಿನ ಮುಂದೆ ಕೂತು ಕಿಟಕಿಯಲ್ಲಿ ಕಾಣುವ ಗೋಪುರವನ್ನೇ ನೋಡಿದ. ಹುಡುಗನಾಗಿದ್ದಾಗ ಅಪ್ಪನ ಕೈ ಹಿಡಿದು ಹತ್ತಿದ್ದು ನೆನಪಾಯಿತು.

ಎರಡು ಗಂಟೆಯ ಹೊತ್ತಿಗೆ ರಸ್ಸ್ ಮತ್ತೆ ಬಂದ. ಈ ಸಲ ಮುಖದಲ್ಲಿ ನಗು ಇರಲಿಲ್ಲ, ಕೈಯಲ್ಲಿ ಒಂದು ಕಟ್ಟು ಹಾಳೆ ಇತ್ತು.

"ಡೆಲ್ಮರ್, ಒಂದು ಎಡವಟ್ಟಾಗಿದೆ ಮಾರಾಯ. ಇವತ್ತಿನ 'ಬೇಡ' ಸೇರ್ಸೋಣ ಅಂತ ಫೈಲು ತೆಗ್ದೆ. ರಿಂಗು ಬಾಯಿ ಬಿಟ್ಟು ಎಲ್ಲಾ ಹಾಳೆ ನೆಲಕ್ಕೆ ಚೆಲ್ಲಿಬಿಡ್ತು. ಬೇಕು, ಬೇಡ ಎಲ್ಲಾ ಕಲಸ್ಕೊಂಡ್ವು. ತಾರೀಕು ನೋಡ್ಕೊಂಡು ಜೋಡಿಸ್ತಾ ಕೂತೆ."

"ಸರಿ?"

"ಅಣೆಕಟ್ಟು ಮಂಗಳವಾರ ಬೇಡ, ಗುರುವಾರ ಬೇಕು. ಬೆಳೆ ವಿಮೆ ಬೆಳಿಗ್ಗೆ ಬೇಡ, ಸಾಯಂಕಾಲ ಬೇಕು. ಆಸ್ಪತ್ರೆನೂ ಹಂಗೇ. ಮೂರೂ ಕೊನೆಗೆ ಪಾಸಾಗಿವೆ." ರಸ್ಸ್ ಕುರ್ಚಿ ಎಳೆದುಕೊಂಡು ಕೂತ. "ನಿಯಮದ ಪುಸ್ತಕ ತೆಗ್ದು ನೋಡ್ದೆ. ಮಸೂದೆ ಬಿದ್ದುಹೋದ್ರೆ 'ಇದನ್ನ ಇನ್ನೊಂದ್ಸಲ ಓಟಿಗೆ ಹಾಕಿ' ಅಂತ ಕೇಳೋ ಹಕ್ಕು ಗೆದ್ದ ಕಡೆಯೋರಿಗೆ ಮಾತ್ರ. ಇವತ್ತು ಗೆದ್ದದ್ದು ಬೇಡ ಅಂದೋರು. ಐವತ್ತೆಂಟಿತ್ತು, ಇವರದ್ದು ಸೇರಿದ್ರೂ ಐವತ್ತೊಂಬತ್ತೇ. ಹೇಗೂ ಸೋಲೋದೇ ಅಂತ ಗೊತ್ತಾದ್ಮೇಲೆ ಬೇಕಂತ್ಲೇ ಬೇಡ ಅಂದಿದಾರೆ. ಮತ್ತೆ ತರೋಕೆ."

ಡೆಲ್ಮರ್ ಅವನ ಮುಖವನ್ನೇ ನೋಡಿದ. "ನೀನು ಇದನ್ನ ಮುಚ್ಚಿಡಬಹುದಿತ್ತಲ್ಲ. ನಿನ್ನ ಪಕ್ಷಕ್ಕೆ ಲಾಭ."

"ಇಡಬಹುದಿತ್ತು," ಅಂದ ರಸ್ಸ್, ಸ್ವಲ್ಪ ಬೇಜಾರಿನಿಂದಲೇ. "ಆದ್ರೆ ಓಟು ಓಟೇ ಅಲ್ವಾ."

ಡೆಲ್ಮರ್ ಫೋನಿಗೆ ಹಾರಿದ. ಬೆಳಿಗ್ಗೆ ಬೈದದ್ದನ್ನೆಲ್ಲ ವಾಪಸು ತಗೊಳ್ಳಬೇಕು. ತನ್ನ ಮಸೂದೆಯ ಮೂಲಪುರುಷನೇ ತನ್ನ ಮೇಲೆ ತಿರುಗಿಬಿದ್ದ ಅಂತ ತಿಳಿದು ಸೆನೆಟರ್ ಕೈಬಿಟ್ಟರೆ ಗತಿ? ಬ್ರಾಂಟಿನ ನಂಬರು ಒತ್ತಿದ. ಲೈನು ಬ್ಯುಸಿ. ಮತ್ತೆ ಒತ್ತಿದ, ಬ್ಯುಸಿ. ಹತ್ತು ಸಲವೂ ಬ್ಯುಸಿ. ಹನ್ನೊಂದನೇ ಸಲಕ್ಕೆ ಹೊಳೆಯಿತು, ಆ ಲೈನನ್ನು ಕಟ್ಟಿಹಾಕಿರುವುದು ಅವನ ಊರೇ.

ಕುಂಟುತ್ತಾ ಕೆಫೆಗೆ ಹೋದ. ಅಲ್ಲಿ ಒಂದೊಂದು ಮೇಜಿಗೂ ಒಂದೊಂದು ಫೋನು. ಲೊರೇನ್ ಗೋಡೆಗೆ ಕಾಗದ ಅಂಟಿಸಿ ಗೀಟು ಹಾಕುತ್ತಿದ್ದಳು. ನೂರ ಎಂಬತ್ತಾರು ಗೀಟು.

"ನಿಲ್ಸಿ, ನಿಲ್ಸಿ," ಅಂದ ಡೆಲ್ಮರ್. "ಅವರು ನಮ್ಮ ಕಡೇನೇ ಇದಾರೆ. ಬೇಡ ಅಂದದ್ದು ಬೇಕು ಅನ್ನೋದಕ್ಕಂತೆ."

ಎಲ್ಲರೂ ಅವನನ್ನು ಕನಿಕರದಿಂದ ನೋಡಿದರು.

"ಕೂತ್ಕೋ," ಅಂದಳು ಲೊರೇನ್. "ನಿಂಗೆ ಯಾರೋ ಫೋನು ಮಾಡಿ ಹೆದರ್ಸಿದಾರೆ. ಬೇಡ ಅಂದ್ರೆ ಬೇಕಂತೆ. ಹಂಗಂತ ನನ್ನ ಮೊದಲನೇ ಗಂಡನೂ ಹೇಳ್ತಿದ್ದ."

"ಲೊರೇನ್, ದಮ್ಮಯ್ಯ ಅಂತೀನಿ."

"ನೀನು ಯಾವತ್ತೂ ನಿಂಗೋಸ್ಕರ ಏನೂ ಕೇಳ್ದೋನಲ್ಲ. ಇವತ್ತು ನಾವು ಕೇಳ್ತೀವಿ. ಸುಮ್ನೆ ಪೈ ತಿನ್ನು." ಅಂದವಳೇ ಫೋನಿಗೆ ತಿರುಗಿದಳು. "ಹ್ಞಾಂ ಮಿಸೆಸ್ ಯೋಡರ್, ಬರ್ಕೊಳ್ಳಿ. ಡೆಲ್ಮರ್ ಗೋಪುರ ಹತ್ತೋದು ಈ ಊರಿನ ಹೆಮ್ಮೆ."

ಆ ಪ್ರೀತಿಯ ಮುಂದೆ ಏನು ಹೇಳುವುದು? ಡೆಲ್ಮರ್ ಹೊರಗೆ ಬಂದ. ರಸ್ಸ್ ತನ್ನ ಪಿಕಪ್ ಗಾಡಿಯನ್ನು ಚಾಲೂ ಮಾಡಿಕೊಂಡೇ ನಿಂತಿದ್ದ. "ಹತ್ತು. ಬ್ರಾಂಟಿಗೆ ಹೋಗ್ಬರೋಣ." ದಾರಿಯಲ್ಲಿ ಬೀಟ್‌ರೂಟ್ ಲಾರಿಯೊಂದು ಅಡ್ಡ ಸಿಕ್ಕಿ ಹನ್ನೆರಡು ಮೈಲಿ ಅದರ ಹಿಂದೆಯೇ ತೆವಳಿದರು. ಗಾಡಿಯ ಹಿಂಭಾಗಕ್ಕೆ ಹಾಲ್ಡೇನರನ್ನು ಬೈಯುವ ಚೀಟಿಗಳು ಅಂಟಿದ್ದವು. ಆ ಗಾಡಿಯಲ್ಲೇ ಹೋಗಿ ಹಾಲ್ಡೇನರ ಕಚೇರಿ ಮುಂದೆ ಇಳಿಯುವಾಗ ರಸ್ಸ್ ಟೋಪಿಯನ್ನು ಮೂಗಿನ ತನಕ ಎಳೆದುಕೊಂಡ.

ಕಚೇರಿ ಮೊದಲನೇ ಮಹಡಿಯಲ್ಲಿ. ಇಪ್ಪತ್ತೆರಡು ಮೆಟ್ಟಿಲು. ಡೆಲ್ಮರ್ ಕಂಬಿ ಹಿಡಿದು ಒಂದೊಂದಾಗಿ ಹತ್ತಿದ.

"ಕಾಲಿಗೇನಾಯ್ತು?" ಅಂದ ರಸ್ಸ್.

"ಏನಿಲ್ಲ. ಶೂ ಹೊಸದು."

ಮಿಸೆಸ್ ಯೋಡರ್ ಎರಡು ಕಿವಿಗೂ ಎರಡು ಫೋನು ಹಿಡಿದುಕೊಂಡು ಹಳದಿ ಚೀಟಿಗಳ ರಾಶಿಯ ಹಿಂದೆ ಕೂತಿದ್ದರು. ಡೆಲ್ಮರನನ್ನು ಕಂಡದ್ದೇ ಎರಡನ್ನೂ ಕೆಳಗಿಟ್ಟರು.

"ವಾಸ್ ಅವ್ರೇ, ಇಪ್ಪತ್ತು ವರ್ಷದಲ್ಲಿ ಹಿಂಗೆ ಒಂದೇ ಊರು ಒಂದೇ ಮಾತು ಹೇಳಿದ್ದನ್ನ ನಾನು ಕಂಡಿಲ್ಲ."

"ಅದನ್ನೆಲ್ಲ ವಾಪಸು ತಗೊಳ್ಳೋಣ ಅಂತ ಬಂದೆ. ನಂದೊಂದು ಚೀಟಿನಾದ್ರೂ ಹರಿದುಹಾಕಿ. ಕೋಪದಲ್ಲಿ ಏನೇನೋ ಅಂದ್ಬಿಟ್ಟೆ. ಸೆನೆಟರು ಬೇಜಾರು ಮಾಡ್ಕೊಂಡು ಮಸೂದೆ ಕೈಬಿಟ್ಟಾರು."

"ಬಂದ ಮಾತು ಬಂದದ್ದೇ, ಹರಿಯೋ ಹಾಗಿಲ್ಲ," ಅಂದರು ಅವರು. ಆಮೇಲೆ ಮೃದುವಾಗಿ, "ಗಾಬರಿ ಆಗ್ಬೇಡಿ. ಕೈಬಿಡೋದಿರ್ಲಿ, ನಿಮ್ಮ ಮಾತು ಕೇಳಿ ಸೆನೆಟರ್ ಅವರ ಕಣ್ಣಲ್ಲಿ ನೀರು ಬಂತಂತೆ. ನಾಲ್ಕು ಗಂಟೆಗೆ ಮತ್ತೆ ಓಟಿದೆ. ಒಂದು ಓಟು ಕಡಿಮೆ ಇತ್ತು, ಅದೂ ಸಿಕ್ಕೋ ಹಾಗಿದೆ. ಹೋಗಿ ಟೀವಿ ನೋಡಿ."

ಡೆಲ್ಮರನಿಗೆ ಮೆಟ್ಟಿಲು ಇಳಿದದ್ದೇ ಗೊತ್ತಾಗಲಿಲ್ಲ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಅವರು ಕೆಫೆ ಮುಟ್ಟಿದರು. ಓಪಲ್ ಅಲ್ಲೇ ಕೂತಿದ್ದಳು, ಕೋಟು ಹಾಕಿಕೊಂಡು, ಬೀಗದಕೈಯನ್ನು ಮುಷ್ಟಿಯಲ್ಲಿ ಹಿಡಿದು. ಕೌಂಟಿ ಆಫೀಸಿಗೆ ಹೊರಟವಳನ್ನು ಲೊರೇನ್ ತಡೆದು ಕಾಫಿ ಕೊಟ್ಟಿದ್ದಳು. ಡೆಲ್ಮರ್ ಅವಳ ಪಕ್ಕ ಹೋಗಿ ಕೂತ.

ಟೀವಿಯಲ್ಲಿ ಅಧ್ಯಕ್ಷಪೀಠದವರು "ತಿದ್ದುಪಡಿಯ ಸಮೇತ" ಅಂತ ಏನೋ ಓದಿದರು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಸರು ಕೂಗುವುದು ಶುರುವಾಯಿತು. ಬೇಕು, ಬೇಡ, ಬೇಡ, ಬೇಕು. ರಸ್ಸ್ ಬೆರಳು ಮಡಿಸುತ್ತಾ ಎಣಿಸುತ್ತಿದ್ದ. ಐವತ್ತೆಂಟಕ್ಕೆ ಬಂದು ನಿಂತಿತು. ದೂರದ ಕರಾವಳಿಯ ಮುದುಕ ಸೆನೆಟರೊಬ್ಬರು, ಬೆಳಿಗ್ಗೆ ಬೇಡ ಅಂದಿದ್ದವರು, ಕೋಲೂರಿಕೊಂಡು ಬಂದು "ಬೇಕು" ಅಂದರು. ಐವತ್ತೊಂಬತ್ತು. ಆಮೇಲೆ ಹಾಲ್ಡೇನ್ ಬಂದರು. ಈ ಸಲ ಹೆಬ್ಬೆರಳು ಮೇಲಕ್ಕಿತ್ತು.

ಕೆಫೆಯಲ್ಲಿ ಎದ್ದ ಗದ್ದಲಕ್ಕೆ ಅಡುಗೆಯವನು ಒಳಗಿಂದ ಓಡಿ ಬಂದ. ಲೊರೇನ್ ರಸ್ಸನ ಕೆನ್ನೆಗೆ ಮುತ್ತು ಕೊಟ್ಟಳು, ಆಮೇಲೆ ಯಾರಿಗೆ ಕೊಟ್ಟೆ ಅಂತ ನೋಡಿ ಬಾಯಿ ಒರೆಸಿಕೊಂಡಳು. ಓಪಲ್ ಗಂಡನ ಕೈ ತೆಗೆದುಕೊಂಡು ಅಂಗೈ ಬಿಡಿಸಿ ಬೀಗದಕೈಯನ್ನು ಇಟ್ಟು ಮುಚ್ಚಿದಳು.

"ಇನ್ನು ಅದು ಮೊಳೆ ಮೇಲೇ ಇರ್ಲಿ," ಅಂದಳು. "ಹತ್ತೋದಂತೂ ಇಲ್ಲ."

"ಇಲ್ಲ ಕಣೆ," ಅಂದ ಡೆಲ್ಮರ್. ಅವನ ಕಣ್ಣು ತುಂಬಿತ್ತು. ಯಂತ್ರ ಉಳಿಯಿತು, ಕಾಲೂ ಉಳಿಯಿತು. ಇಷ್ಟು ಸುಖವಾದ ಗಳಿಗೆಯನ್ನು ಅವನು ಮೂರು ವರ್ಷದಿಂದ ಕಂಡಿರಲಿಲ್ಲ.

ಆಗ ಕೌಂಟರಿನ ಫೋನು ರಿಂಗಾಯಿತು. ಲೊರೇನ್ ಎತ್ತಿ ಕೇಳಿ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಸೆನೆಟರು," ಅಂತ ಪಿಸುಗುಟ್ಟಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಗುಂಡಿ ಒತ್ತಿದಳು.

"ವಾಸ್ ಅವ್ರೇ," ಅಂದಿತು ಸೆನೆಟರ ಗಡಸು ದನಿ. "ಬೆಳಿಗ್ಗೆ ನಿಮಗೆ ಮೊದಲೇ ಹೇಳದೆ ಬೇಡ ಅಂದದ್ದು ನನ್ನ ತಪ್ಪು. ನಿಮ್ಮ ಮಾತು ನನಗೆ ತಲುಪ್ತು. ಬರೀ ಒಂದು ವಾಕ್ಯ, ಆದರೆ ಎಂಥ ವಾಕ್ಯ. 'ಹತ್ತುವುದು ನಮ್ಮ ಮನೆತನದ ಮರ್ಯಾದೆ.' ಅದರ ಕೆಳಗೆ ಇನ್ನೂರ ಮೂರು ಜನ ಅದನ್ನೇ ಹೇಳಿದಾರೆ. ಆಗ ನನಗೆ ಹೊಳೀತು, ಈ ಮಸೂದೆ ಗೆದ್ದರೆ ನಿಮ್ಮ ಕೆಲಸಾನೇ ನಿಮ್ಮಿಂದ ಕಿತ್ಕೊಂಡ ಹಾಗಾಗುತ್ತೆ. ಅದಕ್ಕೇ ಅಷ್ಟು ಕೋಪ ನಿಮಗೆ. ಹೌದೋ ಅಲ್ವೋ?"

ಡೆಲ್ಮರ್ ಬಾಯಿ ತೆರೆದ. ಅಷ್ಟರಲ್ಲಿ ಸೆನೆಟರೇ ಮುಂದುವರಿಸಿದರು.

"ಆ ವಾಕ್ಯಾನ ಕರಾವಳಿಯ ಹಿರಿಯರಿಗೆ ಓದಿ ಹೇಳಿದೆ. ಹಳೇ ಕಸುಬು ಹಾಳಾಗುತ್ತೆ ಅಂತ ಅಳುಕುತ್ತಿದ್ದೋರು ಅವರು, ಓಟು ಕೊಡ್ತೀನಿ ಅಂದ್ರು, ಆದ್ರೆ ಒಂದು ಷರತ್ತು. ಅದನ್ನ ತಿದ್ದುಪಡಿಯಾಗಿ ಸೇರಿಸಿದೀವಿ, ಕೆಳಮನೆಯೋರೂ ಒಪ್ಪಿದಾರೆ. ದೇಶದಲ್ಲಿ ಇನ್ಯಾರೂ ಗಡಿಯಾರ ಮುಟ್ಟಬೇಕಾಗಿಲ್ಲ. ಆದರೆ ಎಲ್ಡನ್ನಿನ ಗೋಪುರಕ್ಕೆ ಮಾತ್ರ ಅದರ ಪಾಲಕ, ಬದುಕಿರೋ ತನಕ, ಪ್ರತಿ ತಿಂಗಳು ಎರಡನೇ ಶನಿವಾರ ಹತ್ತಲೇಬೇಕು. ನಿಮ್ಮ ಹೆಸರೇ ಇಟ್ಟಿದೀವಿ, ವಾಸ್ ಕಲಂ ಅಂತ."

ಕೆಫೆ ಮತ್ತೆ ಗದ್ದಲದಲ್ಲಿ ಮುಳುಗಿತು. ಯಾರೋ ಡೆಲ್ಮರನ ಬೆನ್ನು ತಟ್ಟಿದರು, ಯಾರೋ ಭುಜ ಹಿಡಿದು ಅಲ್ಲಾಡಿಸಿದರು. ಮೊದಲು ವರ್ಷಕ್ಕೆ ಎರಡು ಸಲವಿತ್ತು, ಈಗ ಹನ್ನೆರಡು. ಡೆಲ್ಮರ್ ಕಷ್ಟಪಟ್ಟು ದನಿ ಹೊರಡಿಸಿದ.

"ಮೇಲೆ ಹೋಗಿ ಏನು ಮಾಡ್ಬೇಕು, ಸೆನೆಟರೇ? ಸಮಯ ಬದಲಾಯ್ಸೋದಿಲ್ವಲ್ಲ."

"ಏನೂ ಮಾಡಬೇಕಾಗಿಲ್ಲ. ಗಡಿಯಾರ ಸರಿಯಾಗಿದೆಯಾ ನೋಡಿ, ಪುಸ್ತಕದಲ್ಲಿ ಸಹಿ ಹಾಕಿ ಇಳಿದುಬನ್ನಿ. ಅಧ್ಯಕ್ಷರು ನಾಳೆ ಸಹಿ ಮಾಡ್ತಾರೆ, ನಾಡಿದ್ದೇ ಮೊದಲನೇ ಸಲ. ನಾನೂ ಬರ್ತೀನಿ, ಟೀವಿಯೋರೂ ಬರ್ತಾರೆ. ಅವತ್ತು ಎರಡು ಸಲ ಹತ್ತಿದ್ರೆ ಅವರಿಗೆ ಒಳ್ಳೇ ಚಿತ್ರ ಸಿಗುತ್ತೆ. ಹೇಳಿ, ನಿಮಗೆ ಸಂತೋಷ ಆಯ್ತು ತಾನೇ?"

ಸದ್ದು ನಿಂತಿತು. ಬೆಳಿಗ್ಗೆ ಹದಿನಾಲ್ಕಿದ್ದ ಜನ ಈಗ ನಲವತ್ತಾಗಿದ್ದರು, ಎಲ್ಲರ ಕಣ್ಣೂ ಅವನ ಮೇಲೆ. ಲೊರೇನ್ ಅಳುತ್ತಿದ್ದಳು. ರಸ್ಸ್ ಕೂಡ ಟೋಪಿ ತೆಗೆದಿದ್ದ. ಈಗಲೂ ಮೊಣಕಾಲಿನ ಆ ಒಂದೇ ವಾಕ್ಯ ಸಾಕಾಗಿತ್ತು.

"ಅಯ್ಯೋ, ನನಗೋಸ್ಕರ ಇಷ್ಟೆಲ್ಲಾ ಮಾಡ್ಬಾರ್ದಿತ್ತು," ಅಂದ ಡೆಲ್ಮರ್.

"ಅದೇ ನಿಮ್ಮ ದೊಡ್ಡತನ," ಅಂದು ಸೆನೆಟರ್ ಫೋನಿಟ್ಟರು.

ಊರವರು ಡೆಲ್ಮರನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಗೋಪುರದ ಕಡೆ ಹೊರಟರು. ಅವನು ಹೆಗಲ ಮೇಲಿಂದ ಹೆಂಡತಿಯನ್ನು ತಿರುಗಿ ತಿರುಗಿ ನೋಡುತ್ತಿದ್ದ. ಓಪಲ್ ಒಬ್ಬಳೇ ಉಳಿದಳು. ಕೋಟಿನ ಗುಂಡಿ ಬಿಚ್ಚಿ, ಕೌಂಟರಿನ ಫೋನೆತ್ತಿ ಬ್ರಾಂಟಿನ ನಂಬರು ಒತ್ತಿದಳು. ಈಗ ಲೈನು ಸಲೀಸಾಗಿ ಸಿಕ್ಕಿತು. ತನ್ನ ಹೆಸರು ಹೇಳಿದಳು.

"ಹೇಳಿ, ಯಾವ ವಿಷಯ?" ಅಂದರು ಮಿಸೆಸ್ ಯೋಡರ್.

"ಮೊಣಕಾಲು," ಅಂದಳು ಓಪಲ್. "ನನ್ನ ಗಂಡಂದು, ಎಡಗಡೇದು. ಮೂರು ವರ್ಷದಿಂದ ಮೆಟ್ಟಿಲು ಹತ್ತೋಕಾಗಲ್ಲ."

ಆ ಕಡೆಯಿಂದ ಪೆನ್ನು ಗೀಚುವ ಸದ್ದು ಕೇಳಿಸಿತು.

"ಬರ್ಕೊಂಡೆ ಮಿಸೆಸ್ ವಾಸ್. ಮೊಣಕಾಲಿನ ಬಗ್ಗೆ ಸೆನೆಟರ್ ಅವರು ಇನ್ನೂ ಯಾವ ನಿಲುವೂ ತಗೊಂಡಿಲ್ಲ. ಮುಂದಿನ ಅಧಿವೇಶನದಲ್ಲಿ ನೋಡೋಣ."